ರೆಫರ್ ಚೀಟಿಗೆ ಮೊದಲು ಹಡಗಿನ ವೇಳಾಪಟ್ಟಿ

ಇಂಟರ್ನ್‌ಶಿಪ್ ಮುಗಿಸಿದ ಜೂನಿಯರ್‌ಗಳು ಆಗಾಗ ಫೋನ್ ಮಾಡಿ ಕೇಳುತ್ತಾರೆ, "ಮೇಡಂ, ಲಕ್ಷದ್ವೀಪದಲ್ಲಿ ಕಾಂಟ್ರಾಕ್ಟ್ ಡಾಕ್ಟರ್ ಪೋಸ್ಟ್ ಕರೆದಿದ್ದಾರೆ, ಹೋಗಬಹುದಾ?" ಆಮೇಲೆ ಸಂಬಳ ಎಷ್ಟು, ಬೀಚ್ ಹೇಗಿದೆ ಅಂತ ವಿಚಾರಿಸುತ್ತಾರೆ. ಸಂಬಳ ಪರವಾಗಿಲ್ಲ, ಖರ್ಚು ಮಾಡಲು ಅಲ್ಲಿ ದಾರಿ ಕಮ್ಮಿ. ಬೀಚ್ ಬಹಳ ಚೆಂದ. ಆದರೆ ರೋಗಿಯನ್ನು ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಹೇಗೆ ಕಳಿಸುತ್ತಾರೆ ಅಂತ ಯಾರೂ ಕೇಳುವುದಿಲ್ಲ. ನನ್ನ ಮೊದಲ ಕೆಲಸ ಹೆಚ್ಚುಕಡಿಮೆ ಅದರಲ್ಲೇ ಕಳೆಯಿತು.

ನಾನು ತಿಪಟೂರು ಕಡೆಯವಳು. ತೆಂಗಿನ ತೋಟ, ಕೊಬ್ಬರಿ ಮಂಡಿ ನೋಡಿ ಬೆಳೆದವಳು. ಸಮುದ್ರ ನೋಡಿದ್ದು ಕಾಲೇಜು ಟೂರ್‌ನಲ್ಲಿ ಮಾತ್ರ. 2022ರಲ್ಲಿ ಇಂಟರ್ನ್‌ಶಿಪ್ ಮುಗಿಸಿ, ಪಿಜಿ ಓದುವ ಮೊದಲು ಸ್ವಲ್ಪ ದಿನ ನಿಜವಾಗಿ ಡಾಕ್ಟರ್ ಆಗಿ ಇರೋಣ ಅಂತ ಅರ್ಜಿ ಹಾಕಿದೆ. ಆರ್ಡರ್ ಬಂದಾಗ ಅಮ್ಮ ಕಂಗಾಲು. "ನೀರಿನ ಮಧ್ಯೆ ಹೋಗಿ ಕೂತ್ಕೊಳ್ಳೋಕೆ ಎಂಬಿಬಿಎಸ್ ಓದ್ಸಿದ್ವಾ?" ಅಂದರು. ಅಪ್ಪ ಮಾತ್ರ, "ಅಲ್ಲೂ ತೆಂಗಿನಮರ ಇದಾವಂತೆ ಬಿಡೇ, ಅವಳಿಗೇನು ಹೊಸದಲ್ಲ" ಅಂದುಬಿಟ್ಟರು.

ನನಗೆ ಸಿಕ್ಕಿದ್ದು ಅಮಿನಿದಿವಿ ಗುಂಪಿನ ಒಂದು ದ್ವೀಪ. ಅಮಿನಿ, ಕಡಮತ್ತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಈ ಗುಂಪಿನವು. ಯಾವುದು ಅಂತ ಹೇಳುವುದಿಲ್ಲ. ಇಡೀ ಲಕ್ಷದ್ವೀಪದ ಜನಸಂಖ್ಯೆಯೇ 2011ರ ಜನಗಣತಿಯಲ್ಲಿ 64,473. ಊರಿನ ಹೆಸರು ಹೇಳಿದರೆ ರೋಗಿ ಯಾರು ಅಂತ ಅಲ್ಲಿಯವರಿಗೆ ತಕ್ಷಣ ಗೊತ್ತಾಗುತ್ತದೆ. ಅದಕ್ಕೇ ಕೆಳಗಿನ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲದ ವಿಷಯವೊಂದು ಇಲ್ಲಿದೆ. ಈ ದ್ವೀಪಗಳು ಒಂದು ಕಾಲಕ್ಕೆ ಟಿಪ್ಪುವಿನ ಆಳ್ವಿಕೆಯಲ್ಲಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಕೈಗೆ ಹೋಗಿ, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನಿಂದ ಆಡಳಿತ ನಡೆಯುತ್ತಿತ್ತು. ದ್ವೀಪದವರು ತೆಂಗಿನ ನಾರು ತಂದು ಮಂಗಳೂರಿನಲ್ಲಿ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು ನಮ್ಮ ರಾಜ್ಯ ಒಂದಾಯಿತಲ್ಲ, ಅದೇ ದಿನ ಇವು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಈಗಲೂ ಮಂಗಳೂರಿನ ಹಳೇ ಬಂದರಿನಿಂದ ಮಂಜಿ ಅನ್ನುವ ಸರಕಿನ ದೋಣಿಗಳು ಸಿಮೆಂಟು, ಜಲ್ಲಿ, ತರಕಾರಿ ತುಂಬಿಕೊಂಡು ಹೋಗುತ್ತವೆ. ನಾನು ಬಂದಿಳಿದಾಗ "ಮಂಗಳೂರಾ?" ಅಂತ ಕೇಳಿದ ಅಜ್ಜಂದಿರು ಬಹಳ. ತಿಪಟೂರು ಅಂದರೆ ಯಾರಿಗೂ ಗೊತ್ತಾಗಲಿಲ್ಲ. ಸುಮ್ನೆ ಹೌದು ಅಂದುಬಿಡುತ್ತಿದ್ದೆ.

ಹೋಗುವುದು ಮಾತ್ರ ಕೊಚ್ಚಿಯ ಮೇಲೆ. ಅಲ್ಲಿನ ವಿಲ್ಲಿಂಗ್ಡನ್ ದ್ವೀಪದಿಂದ ಹಡಗು ಹೊರಡುತ್ತದೆ. ದಾರಿಯಲ್ಲಿ ಬೇರೆ ದ್ವೀಪಗಳಲ್ಲೂ ಜನ ಇಳಿಸುತ್ತಾ ಹೋಗುವುದರಿಂದ ಒಂದು ರಾತ್ರಿ, ಕೆಲವೊಮ್ಮೆ ಇನ್ನೂ ಅರ್ಧ ದಿನ ಹಿಡಿಯುತ್ತದೆ. ವಾಂತಿಯ ಮಾತ್ರೆಯನ್ನು ಹಡಗು ಅಲುಗಾಡಲು ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ, ಹತ್ತುವ ಮೊದಲೇ ನುಂಗಬೇಕು. ದ್ವೀಪದ ಹತ್ತಿರ ನೀರು ಆಳವಿಲ್ಲ, ಹವಳದ ದಿಬ್ಬ. ಹಡಗು ಆಚೆಯೇ ನಿಲ್ಲುತ್ತದೆ. ದೋಣಿ ಪಕ್ಕಕ್ಕೆ ಬಂದು, ಅಲೆ ಅದನ್ನು ಮೇಲೆತ್ತಿದ ಕ್ಷಣಕ್ಕೆ ಸರಿಯಾಗಿ ನಾವು ಕಾಲಿಡಬೇಕು. ಇಬ್ಬರು ಹುಡುಗರು ನನ್ನ ತೋಳು ಹಿಡಿದು ಇಳಿಸಿದರು. ಆ ಹೊತ್ತಿಗೆ ನನ್ನ ತಲೆಯಲ್ಲಿ ಬಂದದ್ದು ಒಂದೇ: ಕಾಲು ಮುರಿದವನನ್ನು ಇದೇ ದಾರಿಯಲ್ಲಿ ಹೇಗೆ ಹತ್ತಿಸುತ್ತಾರೆ?

ಸ್ಟ್ರೆಚರ್ ಸಮೇತ ಎತ್ತುತ್ತಾರೆ. ಆಮೇಲೆ ನೋಡಿದೆ. ಊರಿನ ಗಂಡಸರೆಲ್ಲ ಬರುತ್ತಾರೆ, ಯಾರನ್ನೂ ಕರೆಯಬೇಕಿಲ್ಲ.

ಮೊದಲ ತಿಂಗಳು ಕಲಿತದ್ದಕ್ಕಿಂತ ಮರೆತದ್ದು ಜಾಸ್ತಿ. ಇಂಟರ್ನ್‌ಶಿಪ್‌ನಲ್ಲಿ ನಾಯಿ ಕಡಿತದ ಇಂಜೆಕ್ಷನ್ ಕೊಟ್ಟು ಕೊಟ್ಟು ಕೈ ಸೋತಿತ್ತು. ಇಲ್ಲಿ ನಾಯಿಯೇ ಇಲ್ಲ. ಭಾರತದಲ್ಲಿ ಅಂಡಮಾನ್ ಮತ್ತು ಲಕ್ಷದ್ವೀಪ ಬಿಟ್ಟು ಎಲ್ಲ ಕಡೆ ರೇಬಿಸ್ ಇದೆ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವಲ್ಲ, ಆ ಸಾಲಿನೊಳಗೇ ಬಂದು ಕೂತಿದ್ದೆ. ಪಾನನಿಷೇಧ ಇರುವುದರಿಂದ ರಾತ್ರಿ ಕುಡಿದು ಹೊಡೆದಾಡಿಕೊಂಡು ಬರುವವರೂ ಇಲ್ಲ. ಜಿಲ್ಲಾಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ರಾತ್ರಿ ಡ್ಯೂಟಿ ಮಾಡಿದವರಿಗೆ ಮಾತ್ರ ಇದರ ಸುಖ ಗೊತ್ತು.

ಬದಲಿಗೆ ಬೇರೆ ಬಂದವು. ಹವಳಕ್ಕೆ ಕಾಲು ತರಚಿ ಕೀವಾದವರು. ಕಾಯಿ ಕೀಳಲು ಹತ್ತಿ ಬಿದ್ದವರು. ಮುಳ್ಳುಮೀನು ಚುಚ್ಚಿಸಿಕೊಂಡು ನೋವಿಗೆ ಅರಚುವ ಗಟ್ಟಿಮುಟ್ಟು ಬೆಸ್ತರು. ಇವರಿಗೆ ತಡೆಯುವಷ್ಟು ಬಿಸಿನೀರಿನಲ್ಲಿ, ಸುಮಾರು 45 ಡಿಗ್ರಿ, ಕಾಲು ಅದ್ದಿ ಕೂರಿಸಿದರೆ ಇಂಜೆಕ್ಷನ್‌ಗಿಂತ ಬೇಗ ನೋವು ಇಳಿಯುತ್ತದೆ. ವಿಷದ ಪ್ರೋಟೀನು ಶಾಖಕ್ಕೆ ಕೆಡುತ್ತದೆ, ಅಷ್ಟೇ. ಒಮ್ಮೆ ಒಂದೇ ಮನೆಯ ನಾಲ್ಕೈದು ಜನ ಮುಖ ಕೆಂಪಾಗಿ, ತಲೆನೋವು, ಎದೆ ಡವಡವ ಅಂತ ಒಟ್ಟಿಗೇ ಬಂದರು. ಅಲರ್ಜಿ ಆಗಿದ್ದರೆ ಒಬ್ಬರಿಗೆ ಆಗುತ್ತಿತ್ತು. ಹೀಗೆ ಎಲ್ಲರಿಗೂ ಆದರೆ, ಮಧ್ಯಾಹ್ನ ಏನು ಮೀನು, ಎಷ್ಟು ಹೊತ್ತು ಬಿಸಿಲಲ್ಲಿತ್ತು ಅಂತ ಕೇಳಬೇಕು. ಟ್ಯೂನಾ ಮೀನನ್ನು ತಣ್ಣಗೆ ಇಡದಿದ್ದರೆ ಅದರಲ್ಲಿ ಹಿಸ್ಟಮಿನ್ ಸೇರಿಕೊಳ್ಳುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ಇದನ್ನು ನನಗೆ ಮೊದಲು ಹೇಳಿದ್ದು ನಮ್ಮ ನರ್ಸ್ ಇತ್ತಾ. ಅಲ್ಲಿ ಅಕ್ಕನಿಗೆ ಹಾಗೇ ಕರೆಯುತ್ತಾರೆ. ರೋಗಿಗಳ ಮಲಯಾಳಂ ಮೊದಮೊದಲು ನನ್ನ ಕಿವಿಗೆ ಹತ್ತುತ್ತಲೇ ಇರಲಿಲ್ಲ. ಆಗ ಅವರೇ ನನ್ನ ಅರ್ಧ ಕಿವಿ.

ಈಗ ಮುಖ್ಯ ವಿಷಯ. ನಮ್ಮೂರ ಕಡೆ ರೆಫರ್ ಅಂದರೆ ಒಂದು ಚೀಟಿ. ಕೈಮೀರುತ್ತಿದೆ ಅನಿಸಿತಾ, "ಹೈಯರ್ ಸೆಂಟರ್‌ಗೆ" ಅಂತ ಬರೆದು 108 ಕರೆಸಿದರೆ ಆಯಿತು. ರೋಗ ಕೆಟ್ಟ ಮೇಲೂ ಕಳಿಸಲು ರಸ್ತೆ ಇದೆ. ದ್ವೀಪದಲ್ಲಿ ಇರುವುದು ಹಡಗು ಮತ್ತು ಹೆಲಿಕಾಪ್ಟರ್. ಹಡಗು ಬರುವ ದಿನ ಮಾತ್ರ ಬರುತ್ತದೆ. ಹೆಲಿಕಾಪ್ಟರ್‌ಗೆ ಹಗಲು ಬೇಕು, ಮೋಡ ಸರಿಯಬೇಕು, ಬೇರೆ ದ್ವೀಪದ ರೋಗಿಗಾಗಿ ಅದು ಆಗಲೇ ಹೋಗಿರಬಾರದು. ನಾನಿದ್ದಲ್ಲಿ ರಕ್ತನಿಧಿ ಇಲ್ಲ, ಆಪರೇಷನ್ ಮಾಡುವ ಸರ್ಜನ್ ಇಲ್ಲ. ಹಾಗಾಗಿ ಈಗ ರೋಗಿ ಹೇಗಿದ್ದಾನೆ ಅಂತ ನೋಡಿ ನಿರ್ಧಾರ ಮಾಡಿದರೆ ಸಾಲದು. ನಾಳೆ ಮಧ್ಯಾಹ್ನ ಹೇಗಿರಬಹುದು, ಆಗ ಹೋಗಲು ದಾರಿ ಇರುತ್ತದಾ, ಎರಡನ್ನೂ ಒಟ್ಟಿಗೆ ಯೋಚಿಸಬೇಕು.

ಹಾಗಾಗಿ ನಾನೊಂದು ರೂಢಿ ಮಾಡಿಕೊಂಡೆ. ಮೇಜಿನ ಪಕ್ಕದ ಗೋಡೆಗೆ ಹಡಗಿನ ವೇಳಾಪಟ್ಟಿ ಅಂಟಿಸಿದೆ. ಬೆಳಿಗ್ಗೆ ಒಪಿಡಿ ಶುರು ಮಾಡುವ ಮೊದಲು ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆ ಓದುತ್ತಿದ್ದೆ. ಬೆಸ್ತರನ್ನು ಕೇಳುವುದು ಇನ್ನೂ ಒಳ್ಳೆಯದು. 2017ರ ಓಖಿ ಚಂಡಮಾರುತ ಕಂಡವರು, ಅಲೆಯ ಸದ್ದು ಬದಲಾದರೇ ಹೇಳುತ್ತಾರೆ. ಇನ್ನೊಂದು, ಗರ್ಭಿಣಿಯರ ರಿಜಿಸ್ಟರ್. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಸಮುದ್ರ ಕೆಟ್ಟಿರುತ್ತದೆ. ವೇಗವಾಗಿ ಹೋಗುವ ಸಣ್ಣ ಹಡಗುಗಳು ನಿಲ್ಲುತ್ತವೆ, ದೊಡ್ಡವೂ ಕಮ್ಮಿ. ಆ ತಿಂಗಳುಗಳಲ್ಲಿ ಹೆರಿಗೆ ದಿನ ಇರುವವರ ಪಟ್ಟಿಯನ್ನು ಏಪ್ರಿಲ್‌ನಲ್ಲೇ ಮಾಡಿ, ಹಿಂದೆ ಸಿಸೇರಿಯನ್ ಆದವರು, ರಕ್ತ ಕಮ್ಮಿ ಇರುವವರು, ಬಿಪಿ ಇರುವವರು ಅಂತ ಬೇರೆ ಮಾಡಿ, ಆಶಾ ಕಾರ್ಯಕರ್ತೆ ಜೊತೆ ಮನೆಗೇ ಹೋಗುತ್ತಿದ್ದೆ.

ಮನೆ ಅಂದರೆ ಅಲ್ಲಿ ಹೆಣ್ಣಿನ ತಾಯಿಯ ಮನೆ. ಆಸ್ತಿ ತಾಯಿಯ ಕಡೆಯಿಂದ ಬರುತ್ತದೆ, ಹಳೇ ಪದ್ಧತಿಯಲ್ಲಿ ಗಂಡನೇ ಹೆಂಡತಿಯ ಮನೆಗೆ ಬಂದು ಹೋಗುವವನು. ತುಳುನಾಡಿನ ಅಳಿಯಸಂತಾನ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ನಾನು ಬಯಲುಸೀಮೆಯವಳು, ಎಲ್ಲ ಕಡೆ ಗಂಡನನ್ನೇ ಹುಡುಕುತ್ತಿದ್ದೆ. ಮಾತಾಡಬೇಕಾದದ್ದು ಅಜ್ಜಿಯ ಜೊತೆ, ಸೋದರಮಾವನ ಜೊತೆ ಅಂತ ಇತ್ತಾ ತಿದ್ದಿದರು. ಆಮೇಲೆ ಒಪ್ಪಿಸುವ ಕೆಲಸ ಸಲೀಸಾಯಿತು.

ಜೂನ್‌ನಲ್ಲಿ ಒಂದು ಚೊಚ್ಚಲ ಗರ್ಭಿಣಿ ಬಂದಳು. ಎಂಟು ತಿಂಗಳು ತುಂಬುತ್ತಾ ಇತ್ತು. ಮುಂದಿನ ಹಡಗಿಗೆ ಕೊಚ್ಚಿಗೆ ಹೋಗಲು ಟಿಕೆಟ್ ಆಗಿತ್ತು. ಬೆಳಿಗ್ಗೆಯಿಂದ ತಲೆನೋವು ಅಂದಳು. ಬಿಪಿ 150/100. ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನು ಎರಡು ಪ್ಲಸ್. ಗರ್ಭಿಣಿಗೆ ಇವೆಲ್ಲ ಒಟ್ಟಿಗೆ ಬಂದರೆ ಫಿಟ್ಸ್‌ಗೆ ತಿರುಗಬಹುದು. ಕಾಲು ಸ್ವಲ್ಪ ಊದಿತ್ತು. ನಗುತ್ತಾ ಕೂತಿದ್ದಳು. ಊರಲ್ಲಾಗಿದ್ದರೆ ಅಡ್ಮಿಟ್ ಮಾಡಿ, ಮಾತ್ರೆ ಕೊಟ್ಟು, ನಾಲ್ಕು ಗಂಟೆಗೊಮ್ಮೆ ಬಿಪಿ ನೋಡುತ್ತಿದ್ದೆ. ಇಲ್ಲಿ ಕಿಟಕಿಯಾಚೆ ನೋಡಿದೆ. ಮಳೆ ಆಗಷ್ಟೇ ಬಿಟ್ಟಿತ್ತು. ಕತ್ತಲಾಗಲು ಕೆಲವೇ ಗಂಟೆ. ಹಡಗಿಗೆ ಇನ್ನೂ ಎರಡು ದಿನ, ಅದೂ ಬಂದರೆ. ರಾತ್ರಿ ಫಿಟ್ಸ್ ಬಂದರೆ ನಾನು, ಇತ್ತಾ, ಇಬ್ಬರೇ.

ಸೀನಿಯರ್ ಸ್ತ್ರೀರೋಗ ತಜ್ಞರಿಗೆ ಫೋನ್ ಮಾಡಿದೆ. ತಲೆನೋವು ಇದೆ ಅಂದ ತಕ್ಷಣ ಅವರು ಎರಡನೇ ಮಾತಾಡಲಿಲ್ಲ. "ಮ್ಯಾಗ್‌ಸಲ್ಫ್ ಲೋಡಿಂಗ್ ಡೋಸ್ ಕೊಟ್ಟು ಕಳಿಸು." ಫಿಟ್ಸ್ ತಡೆಯುವ ಇಂಜೆಕ್ಷನ್ ಅದು, ಲೋಡಿಂಗ್ ಅಂದರೆ ಮೊದಲ ದೊಡ್ಡ ಡೋಸ್. ಹೆಲಿಕಾಪ್ಟರ್‌ಗೆ ಕೋರಿಕೆ ಹೋಯಿತು. ಕಷ್ಟವಾದದ್ದು ಸೋದರಮಾವನಿಗೆ ಹೇಳುವುದು. "ಡಾಕ್ಟರೇ, ಅವಳು ನಡೆದುಕೊಂಡು ಬಂದಿದ್ದಾಳೆ. ನಡೆಯುವವರಿಗೆ ಹೆಲಿಕಾಪ್ಟರ್ ಯಾಕೆ?" ಅವರ ಪ್ರಶ್ನೆ ನ್ಯಾಯವಾದದ್ದೇ. ನಡೆಯಲಾಗದ ಸ್ಥಿತಿಗೆ ಬಂದರೆ ಆಗ ಹೆಲಿಕಾಪ್ಟರ್ ಇರುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಟ್ಟೆ ತರಲು ಮನೆಗೆ ಹುಡುಗನನ್ನು ಓಡಿಸಿದರು.

ಇಂಜೆಕ್ಷನ್‌ನಿಂದ ಮೈ ಬಿಸಿಯಾಗಿ ಅವಳು ಗೊಣಗುತ್ತಿದ್ದಳು. ಮಂಡಿಯ ರಿಫ್ಲೆಕ್ಸ್, ಉಸಿರು, ಮೂತ್ರ ಮೂರನ್ನೂ ಚೀಟಿಯಲ್ಲಿ ಬರೆದು, ಆ ಇಂಜೆಕ್ಷನ್ ಹೆಚ್ಚಾದರೆ ಕೊಡಬೇಕಾದ ಕ್ಯಾಲ್ಸಿಯಂ ಗ್ಲುಕೋನೇಟ್ ತುಂಬಿದ ಸಿರಿಂಜ್ ನರ್ಸ್ ಕೈಗೆ ಕೊಟ್ಟು ಕಳಿಸಿದೆ. ಹೆಲಿಕಾಪ್ಟರ್ ಸದ್ದು ದೂರವಾದ ಸ್ವಲ್ಪ ಹೊತ್ತಿಗೆ ಮಳೆ ಮತ್ತೆ ಹಿಡಿಯಿತು, ಮರುದಿನವೂ ಬಿಡಲಿಲ್ಲ. ಕೊಚ್ಚಿಯಲ್ಲಿ ಬಿಪಿ ಏರಿ ಸಿಸೇರಿಯನ್ ಮಾಡಿದರು. ಮಗು ಕೆಲವು ದಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿತ್ತು. ಇಬ್ಬರೂ ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದರು.

ನಾನು ಕಳಿಸಿದವರಲ್ಲಿ ಕೆಲವರಿಗೆ ಅಲ್ಲಿ ದೊಡ್ಡದೇನೂ ಸಿಗಲಿಲ್ಲ. ಸುಮ್ನೆ ಕಳಿಸಿದಿರಿ ಅಂತ ಮೇಲಿನ ಒಬ್ಬರು ಗೊಣಗಿದ್ದೂ ಇದೆ. ನನಗೆ ಬೇಜಾರಿಲ್ಲ. ದ್ವೀಪದಿಂದ ಕಳಿಸಿದ ರೋಗಿಗಳೆಲ್ಲರಲ್ಲೂ ದೊಡ್ಡ ಕಾಯಿಲೆಯೇ ಸಿಗುತ್ತಿದ್ದರೆ, ನಾವು ತಡ ಮಾಡುತ್ತಿದ್ದೇವೆ ಅಂತಲೇ ಅರ್ಥ.

ಊಟದ ವಿಷಯ ಬೇಗ ಹೇಳಿಬಿಡುತ್ತೇನೆ. ನಾನು ಸಸ್ಯಾಹಾರಿ. ತರಕಾರಿ ಬರುವುದು ಹಡಗಲ್ಲಿ. ಮಳೆಗಾಲದಲ್ಲಿ ಈರುಳ್ಳಿ, ಆಲೂಗಡ್ಡೆ, ನುಗ್ಗೆಸೊಪ್ಪು, ಪಪ್ಪಾಯಿ ಇಷ್ಟೇ. ಅಮ್ಮ ಕಳಿಸಿದ ಹುರುಳಿಕಾಳು, ಸಾರಿನ ಪುಡಿ ನನ್ನನ್ನು ಕಾಪಾಡಿದವು. ಔಷಧಿಯದ್ದೂ ಇದೇ ಲೆಕ್ಕ. ಮಳೆಗಾಲಕ್ಕೆ ಬೇಕಾದದ್ದನ್ನು ಮೊದಲೇ ಇಂಡೆಂಟ್, ಅಂದರೆ ಬೇಡಿಕೆ ಪಟ್ಟಿ, ಹಾಕದಿದ್ದರೆ ಜುಲೈನಲ್ಲಿ ಕೈಕೈ ಹಿಸುಕಿಕೊಳ್ಳಬೇಕು. ಇನ್ಸುಲಿನ್ ಎಷ್ಟು ಬೇಕು ಅಂತ ರಮ್ಜಾನ್ ಯಾವ ತಿಂಗಳು ಅಂತ ನೋಡಿ ಲೆಕ್ಕ ಹಾಕುತ್ತಿದ್ದೆ. ಉಪವಾಸದಲ್ಲಿ ಡೋಸ್ ಬದಲಾಗುತ್ತದೆ, ಒಪಿಡಿಯೂ ರಾತ್ರಿಗೆ ಜಾರುತ್ತದೆ. ಬ್ಯಾಂಕ್ ಖಾತೆಗೆ ಅಂತ ಹೋದರೆ ಕೆನರಾ ಬ್ಯಾಂಕ್ ಬೋರ್ಡು. ಮೊದಲು ಅದು ನಮ್ಮ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಆಗಿತ್ತಂತೆ. ಯಾಕೋ ಆ ದಿನ ಖುಷಿಯಾಯಿತು.

ಇಂಟರ್ನೆಟ್ ಆಗ ತೀರಾ ನಿಧಾನ. 2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ ಉದ್ಘಾಟನೆಯಾಯಿತು. ಈಗ ಹೋಗುವವರು ಇಸಿಜಿ ಫೋಟೋ ಕಳಿಸಿ ಕಾಯುವ ಕಷ್ಟ ನನ್ನಷ್ಟು ಪಡಬೇಕಿಲ್ಲ ಅಂದುಕೊಂಡಿದ್ದೇನೆ.

ಹೋಗಬಹುದಾ ಅಂತ ಕೇಳುವವರಿಗೆ: ಹೋಗಿ. ಹೋಗುವ ಮೊದಲು ಜಿಲ್ಲಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲೂ ಅನಸ್ತೇಶಿಯದವರ ಹಿಂದೆಯೂ ಸ್ವಲ್ಪ ದಿನ ನಿಂತು ಕೈ ಪಳಗಿಸಿಕೊಳ್ಳಿ. ಫೋನ್ ಎತ್ತುವ ಸೀನಿಯರ್ ಒಬ್ಬರನ್ನಾದರೂ ಇಟ್ಟುಕೊಳ್ಳಿ. ಅಪ್ಪ ಅಮ್ಮ ನೋಡಲು ಬರುವುದಾದರೆ ಪರ್ಮಿಟ್‌ಗೆ ಬೇಗ ಅರ್ಜಿ ಹಾಕಿಸಿ, ಹೊರಗಿನವರು ಹಾಗೇ ಬರುವಂತಿಲ್ಲ. ಸೇರುವ ತಿಂಗಳು ಆರಿಸಿಕೊಳ್ಳುವ ಅವಕಾಶ ಸಿಕ್ಕರೆ ಅಕ್ಟೋಬರ್ ಅನ್ನಿ. ಏಪ್ರಿಲ್ ಹೊತ್ತಿಗೆ ಎಲ್ಲ ಮನೆಯ ಅಜ್ಜಿಯರ ಪರಿಚಯ ಆಗಿರುತ್ತದೆ.