ಒಲೆ ಹಿಂದಿನ ಶಹಾಬಾದ್ ಫರಸಿ: ಸಂದಿಗೆ ಗ್ರೌಟ್ ತುಂಬುವ ಬಗೆ

ಶಹಾಬಾದ್ ಫರಸಿ ಸುಣ್ಣದಕಲ್ಲು. ಎಣ್ಣೆ, ಅರಿಶಿನ ಕುಡಿಯುವ ಹಾಗೆ ಗ್ರೌಟಿನ (ಸಂದಿ ತುಂಬುವ ಸಿಮೆಂಟ್ ಮಿಶ್ರಣದ) ಬಣ್ಣವನ್ನೂ ಕುಡಿಯುತ್ತದೆ. ಸೆರಾಮಿಕ್ ಟೈಲ್ಸಿಗೆ ಮೆತ್ತಿದಂತೆ ನೇರ ಮೆತ್ತಿದರೆ ಸಂದಿಯ ಅಕ್ಕಪಕ್ಕ ಕಲೆ ಕೂತುಬಿಡುತ್ತದೆ. ಅರ್ಧ ಕೆಲಸ ಗ್ರೌಟ್ ಕಲಸುವ ಮೊದಲೇ ಆಗಬೇಕು.

ಕಲ್ಲು ಅಂಟಿಸಿ 24 ಗಂಟೆ ಬಿಡಿ. ಸಂದಿಗೆ ನುಗ್ಗಿದ ಅಂಟು ಕೆರೆದು, ಧೂಳು ತೆಗೆಯಿರಿ. ಕಲ್ಲಿನ ಮೇಲೆ ಒಂದು ಹನಿ ನೀರು ಬಿಟ್ಟು 5 ನಿಮಿಷ ನೋಡಿ. ಆ ಜಾಗ ಕಪ್ಪಾದರೆ ಒಳಗಿಳಿಯುವ ಬಗೆಯ ಸೀಲರ್ (ಕಲ್ಲು ಕಲೆ ಕುಡಿಯದಂತೆ ತಡೆಯುವ ದ್ರವ) ಬೇಕೇ ಬೇಕು. ಅದರಲ್ಲಿ ಬಟ್ಟೆ ಅದ್ದಿ ಕಲ್ಲಿನ ಮುಖಕ್ಕಷ್ಟೇ ಸವರಿ. ಸಂದಿಯೊಳಗೆ ಹರಿದರೆ ಅಲ್ಲಿ ಗ್ರೌಟ್ ಕಚ್ಚುವುದಿಲ್ಲ. ಹೆಚ್ಚಾದದ್ದನ್ನು ಒಣಗುವ ಮೊದಲೇ ಒರೆಸಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲಿ.

ಗೌಂಡಿ ವೈಟ್ ಸಿಮೆಂಟ್ ಸಾಕು ಎಂದರೆ ಒಪ್ಪಬೇಡಿ. ಬರೀ ವೈಟ್ ಸಿಮೆಂಟ್ ಒಣಗುತ್ತ ಕುಗ್ಗಿ ಬಿರಿಯುತ್ತದೆ, ಒಗ್ಗರಣೆಯ ಜಿಡ್ಡು ಆ ಬಿರುಕಿಗೇ ಸೇರುತ್ತದೆ. ಪಾಲಿಶ್ ಕಲ್ಲು, 3 ಮಿ.ಮೀ. ಒಳಗಿನ ಸಂದಿ ಇದ್ದರೆ ಮರಳಿಲ್ಲದ ಗ್ರೌಟ್. ಮರಳಿನದು ಹೊಳಪನ್ನು ಗೀರುತ್ತದೆ. ಒರಟು ಕಲ್ಲಿನ ಅಗಲ ಸಂದಿಗೆ ಮರಳಿನದೇ ಸರಿ. ಒಂದಡಿ ಚದರ, 12 ಮಿ.ಮೀ. ದಪ್ಪದ ಕಲ್ಲಿಗೆ 3 ಮಿ.ಮೀ. ಸಂದಿಯಾದರೆ ಚದರ ಮೀಟರಿಗೆ ಸುಮಾರು 400 ಗ್ರಾಂ ಹಿಡಿಯುತ್ತದೆ.

ನೀರನ್ನು ಅಳೆದೇ ಹಾಕಿ. ಕಲಸಿ, 5 ರಿಂದ 10 ನಿಮಿಷ ಬಿಟ್ಟು, ಮತ್ತೆ ಕಲಸಿ. ಗಟ್ಟಿಯಾಗುತ್ತ ಬಂದದ್ದಕ್ಕೆ ನೀರು ಬೆರೆಸಿದರೆ ಗ್ರೌಟ್ ಪುಡಿಪುಡಿ ಉದುರುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲೇ ಶುರುಮಾಡಿ, ಫ್ಯಾನ್ ಆರಿಸಿ, ಅರ್ಧ ಕಿಲೋಗಿಂತ ಹೆಚ್ಚು ಒಮ್ಮೆಗೆ ಕಲಸಬೇಡಿ.

ರಬ್ಬರ್ ಫ್ಲೋಟನ್ನು (ರಬ್ಬರ್ ತಳದ ಹಿಡಿಕೆ ಹಲಗೆ) ಓರೆಯಾಗಿ ಹಿಡಿದು ಸಂದಿಗೆ ಒತ್ತಿ ತುಂಬಿ. ಹೆಚ್ಚಾದದ್ದನ್ನು ಮೂಲೆಯಿಂದ ಮೂಲೆಗೆ ಎಳೆಯಿರಿ. ಸಂದಿಯ ಉದ್ದಕ್ಕೆ ಎಳೆದರೆ ತುಂಬಿದ್ದೇ ಎದ್ದು ಬರುತ್ತದೆ. ಬೆರಳಿಗೆ ಅಂಟದಷ್ಟು ಬಿಗಿದಾಗ, ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಒರೆಸಿ. ನೀರು ತೊಟ್ಟಿಕ್ಕುವ ಸ್ಪಂಜು ಬಣ್ಣವನ್ನು ತೊಳೆದು ಸಂದಿಯನ್ನು ತಗ್ಗಾಗಿಸುತ್ತದೆ.

ಎರಡು ಮೂರು ಗಂಟೆ ಬಿಟ್ಟು ಕಲ್ಲಿನ ಮೇಲೆ ಬಿಳಿ ಮಬ್ಬು ಕಂಡರೆ ಒಣ ಬಟ್ಟೆಯಿಂದ ಉಜ್ಜಿ. ಆಸಿಡ್ ಮಾತ್ರ ಮುಟ್ಟಿಸಬೇಡಿ. ಉಳಿದ ಪಾಲಿಶ್ ತುಂಡಿನ ಮೇಲೆ ನಿಂಬೆರಸ ಹಾಕಿ ಸ್ವಲ್ಪ ಹೊತ್ತಿಗೆ ಒರೆಸಿ ನೋಡಿ: ಹನಿ ಕೂತಷ್ಟು ಜಾಗದ ಹೊಳಪು ಹೋಗಿರುತ್ತದೆ. ಬಾತ್‌ರೂಮಿನ ಆಸಿಡ್ ಇಡೀ ಗೋಡೆಗೆ ಅದನ್ನೇ ಮಾಡುತ್ತದೆ.

ಗೋಡೆ ಅಡುಗೆಕಟ್ಟೆಗೆ ಕೂಡುವ ಸಂದಿಗೆ ಗ್ರೌಟ್ ಬೇಡ, ಅಲುಗಾಟಕ್ಕೆ ಸೀಳುತ್ತದೆ. ಅಲ್ಲಿಗೆ ನ್ಯೂಟ್ರಲ್ ಸಿಲಿಕೋನ್ ಹಾಕಿ. ವಿನೆಗರ್ ವಾಸನೆಯದು ಈ ಕಲ್ಲಿಗೆ ಆಗದು. ಮೂರು ದಿನ ಸಂದಿಗಳಿಗೆ ಬೆಳಿಗ್ಗೆ, ಸಂಜೆ ನೀರು ಚಿಮುಕಿಸಿ. ಪೂರ್ತಿ ಒಣಗಿದ ಮೇಲೆ ಕಲ್ಲಿಗೂ ಸಂದಿಗೂ ಕೊನೆಯ ಸಲ ಸೀಲರ್ ಸವರಿ, ಅಲ್ಲಿಯವರೆಗೆ ಆ ಗೋಡೆಯ ಹತ್ತಿರ ಒಗ್ಗರಣೆ ಹಾಕಬೇಡಿ.