ಫೋನಿನಲ್ಲೇ ಹಾಡಿನ ಸರದಿ

ಮತ್ತೆ ಮನೆಯಲ್ಲೇ ಕೂರುವ ಕಾಲ ಬಂದರೆ ಇರಲಿ ಅಂತ ಬರೆಯುತ್ತಿದ್ದೇನೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಊರಲ್ಲಿ ಅಮ್ಮ ಒಬ್ಬರೇ. ಭಜನೆ ನಿಂತಿತ್ತು, ಟಿವಿ ತುಂಬಾ ಸಾವಿನ ಲೆಕ್ಕ. ಸಂಜೆ ಏಳಕ್ಕೆ ನಾಲ್ಕೈದು ಜನ ಕಾನ್ಫರೆನ್ಸ್ ಕಾಲ್‌ನಲ್ಲಿ ಸೇರತೊಡಗಿದೆವು.

ಎಲ್ಲರೂ ಒಟ್ಟಿಗೆ ಹಾಡಬೇಡಿ. ದನಿ ತಡವಾಗಿ ತಲುಪಿ ತಾಳ ಕೆಡುತ್ತೆ. ಒಬ್ಬರು ಹಾಡಲಿ, ಉಳಿದವರು ಮ್ಯೂಟ್. ಫೋನಿಡುವ ಮೊದಲು ನಾಳೆ ಯಾರ ಸರದಿ ಅಂತ ಗೊತ್ತು ಮಾಡಿ. ಇದೇ ಮುಖ್ಯ. ತನ್ನ ಸರದಿ ಇದ್ದ ದಿನ ಅಮ್ಮ ಸೊಪ್ಪು ಬಿಡಿಸುತ್ತಾ ಸೋಬಾನೆ ಪದದ ಮರೆತ ಸಾಲು ಹುಡುಕುತ್ತಿದ್ದರು. ಶ್ರುತಿ ತಪ್ಪಿದರೆ ನಗು. ಅದೂ ಬೇಕಲ್ವಾ?

ಯಾರಾದರೂ ಎರಡು ದಿನ ಬರದಿದ್ದರೆ ಬೇರೆಯಾಗಿ ವಿಚಾರಿಸಿ. ನಿದ್ದೆಯಿಲ್ಲ, ಊಟ ಸೇರಲ್ಲ ಅಂದರೆ ಹಾಡು ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.