ದವಾಖಾನೆಯಲ್ಲಿ ‘ಸ್ಟಡಿಗೆ ಸೇರ್ತೀರೇನ್ರಿ’ ಅಂತ ಕೇಳಿದರೆ

ನಮ್ಮ ವೈನಿ (ಅತ್ತಿಗೆ) ನಾಲ್ಕು ತಿಂಗಳ ಬಸುರಿ ಇದ್ದಾಗ ಬೆಳಗಾವಿಯ ಒಂದು ದವಾಖಾನೆಗೆ ತೋರಿಸಲು ಹೋಗಿದ್ವಿ. ಹಿಮೋಗ್ಲೋಬಿನ್ 9 ಬಂದಿತ್ತು (ಬಸುರಿಯರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ). ಒಬ್ಬ ಸಿಸ್ಟರ್ ಬಂದು ಐದಾರು ಹಾಳೆ ಕೊಟ್ಟು, "ಅಕ್ಕಾರ, ರಕ್ತ ಕಡಿಮಿ ಇದ್ದವರದೊಂದು ಸ್ಟಡಿ ನಡದೈತ್ರಿ, ಇಲ್ಲೊಂದು ಸಹಿ ಮಾಡ್ರಿ" ಅಂದರು. ವೈನಿ ಪೆನ್ನು ಹಿಡಿದೇ ಬಿಟ್ಟಿದ್ದರು. ನಾನು ಆ ಹಾಳೆ ಇಸಕೊಂಡು ಚೀಲಕ್ಕೆ ಹಾಕಿ, "ನಾಡಿದ್ದು ಬಂದು ಹೇಳ್ತೀವ್ರಿ" ಅಂದೆ. ಸಿಸ್ಟರ್ ಮುಖ ಸ್ವಲ್ಪ ಸಣ್ಣದಾಯ್ತು, ಆಗಲಿ ಬಿಡಿ. ಎರಡು ದಿನ ಓದಿ, ಕೇಳಿ, ಆಮೇಲೆ ವೈನಿ ಸೇರಿದರು.

ನಮ್ಮ ಭಾಗಕ್ಕೆ ಇದು ಹೊಸದಲ್ಲ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರು ಇಂಥದ್ದೇ ಸ್ಟಡಿಯಲ್ಲಿ, ಅಂದರೆ ಔಷಧವನ್ನ ಜನರಲ್ಲಿ ಪರೀಕ್ಷಿಸಿ ನೋಡೋ ಒಂದು ಟ್ರಯಲ್‌ನಲ್ಲಿದ್ದರು. ಹೆರಿಗೆ ಆದ ಕೂಡಲೇ ಅರ್ಧ ಜನಕ್ಕೆ ರಕ್ತಸ್ರಾವ ತಡೆಯೋ ಮಿಸೊಪ್ರೊಸ್ಟಾಲ್ ಗುಳಿಗೆ, ಉಳಿದರ್ಧಕ್ಕೆ ನೋಡಲು ಅಂಥದ್ದೇ ಆದರೆ ಒಳಗೆ ಔಷಧ ಇಲ್ಲದ ಗುಳಿಗೆ. ಇದಕ್ಕೆ ಪ್ಲಸಿಬೊ ಅಂತಾರೆ. ಔಷಧ ತಗೊಂಡವರಲ್ಲಿ ವಿಪರೀತ ರಕ್ತ ಹೋಗೋದು ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಆ ಗುಳಿಗೆಯನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ಊರಿನ ಬಾಣಂತಿಯರ ಪಾಲೂ ಅದರಲ್ಲಿದೆ, ಯಾರಿಗೂ ಗೊತ್ತಿಲ್ಲ ಅಷ್ಟೇ.

ಆದರೆ ಪ್ಲಸಿಬೊ ಗುಂಪಿಗೆ ಬಿದ್ದ ಹೆಂಗಸಿನ ಗತಿ ಏನು? ನೀವು ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ: "ನಾನು ಇದಕ್ಕೆ ಸೇರದೇ ಇದ್ದರೆ ನನಗೆ ಯಾವ ಔಷಧ ಕೊಡ್ತಿದ್ರಿ? ಸೇರಿದರೆ ಅದು ತಪ್ಪುತ್ತದಾ?" ಯಾವ ಗುಂಪಿಗೆ ಬೀಳ್ತೀರಿ ಅನ್ನೋದು ಚೀಟಿ ಎತ್ತಿದ ಹಾಗೆ, ಡಾಕ್ಟರಿಗೂ ಎಷ್ಟೋ ಸಲ ಗೊತ್ತಿರಲ್ಲ. ವೈನಿ ಕೇಳಿದಾಗ ಒಂದು ಗುಂಪಿಗೆ ಯಾವಾಗಲೂ ಕೊಡೋ ಕಬ್ಬಿಣದ ಗುಳಿಗೆ, ಇನ್ನೊಂದಕ್ಕೆ ನರದ ಮೂಲಕ ಅದೇ ಕಬ್ಬಿಣಾಂಶ ಅಂದರು. ಅಂದರೆ ಯಾರೂ ಬರಿಗೈಲಿ ಇರಲ್ಲ. ಅದಕ್ಕೇ ಒಪ್ಪಿದ್ದು. ಉತ್ತರ ತೊದಲಿದರೆ ಎದ್ದು ಬನ್ನಿ.

ಈಗ ಆ ಕಾಗದದ ವಿಷಯ. ಅದು ನಿಮಗೆ ತಿಳಿಯೋ ಭಾಷೆಯಲ್ಲಿರಬೇಕು. ಬೆಳಗಾವಿಯಲ್ಲಿ ಮರಾಠಿ, ಉರ್ದು ಓದೋರೂ ಜಾಸ್ತಿ, ಕೇಳಿ ಇಸಕೊಳ್ಳಿ. ಓದು ಬಾರದ ಅತ್ತೆಯನ್ನೋ ಅವ್ವನನ್ನೋ ಕರೆದುಕೊಂಡು ಹೋಗಿದ್ದರೆ, ಟ್ರಯಲ್‌ಗೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿಯ ಎದುರು ಎಲ್ಲವನ್ನೂ ಓದಿ ಹೇಳಿ, ಆಮೇಲೇ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಸಹಿ ಆದ ಮೇಲೆ ಒಂದು ಪ್ರತಿ ನಿಮ್ಮ ಕೈಗೆ ಬರಲೇಬೇಕು. "ಆಮೇಲೆ ಕೊಡ್ತೀವಿ" ಅಂದರೆ ಅಲ್ಲೇ ಕೂತುಬಿಡಿ.

ಗಂಡನ ಸಹಿ? 18 ದಾಟಿದ, ತಿಳಿವಳಿಕೆ ಇರೋ ಹೆಂಗಸಿಗೆ ತನ್ನ ಸಹಿಯೇ ಸಾಕು. ಮನೆಯಲ್ಲಿ ಮಾತಾಡಿಕೊಳ್ಳಿ, ಒಳ್ಳೆಯದೇ, ಆದರೆ ನಿಮ್ಮ ಪರವಾಗಿ ಇನ್ಯಾರೋ ಗೀಚೋದು ಬೇಡ. ಆಂಧ್ರದಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯೋ ಲಸಿಕೆಯ ಅಧ್ಯಯನ ನಡೆದಾಗ ಎಷ್ಟೋ ಹುಡುಗಿಯರ ಫಾರ್ಮಿಗೆ ಹಾಸ್ಟೆಲ್ ವಾರ್ಡನ್ನುಗಳೇ ಸಹಿ ಹಾಕಿದ್ದರು. ದೊಡ್ಡ ಗದ್ದಲವಾಗಿ 2010ರಲ್ಲಿ ಅದನ್ನ ನಿಲ್ಲಿಸಿದರು.

ಹೊಸ ಔಷಧದ ಟ್ರಯಲ್ ಆದರೆ ಫಾರ್ಮಿನಲ್ಲಿ ಉದ್ಯೋಗ, ವರ್ಷದ ಆದಾಯ, ನಾಮಿನಿ ಹೆಸರು ಕೇಳ್ತಾರೆ. ಸುಮ್ನೆ ಏನೋ ಬರೆಯಬೇಡಿ, ಜೀವಕ್ಕೇ ಏನಾದರೂ ಆದರೆ ಪರಿಹಾರ ಸೇರೋದು ಆ ನಾಮಿನಿಗೇ. ಹೊಸ ಔಷಧ ಮತ್ತು ಟ್ರಯಲ್ ಕುರಿತ 2019ರ ಕೇಂದ್ರದ ನಿಯಮಗಳ ಪ್ರಕಾರ ಟ್ರಯಲ್‌ನಲ್ಲಿದ್ದಾಗ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ, ಅದು ಟ್ರಯಲ್‌ನಿಂದಾದದ್ದಲ್ಲ ಅಂತ ಖಾತ್ರಿ ಆಗೋವರೆಗೂ. ಕಾಗದದಲ್ಲಿ ಎಥಿಕ್ಸ್ ಕಮಿಟಿಯ (ಸೇರಿದವರ ಹಿತ ನೋಡಿ ಟ್ರಯಲ್ ಮೇಲೆ ಕಣ್ಣಿಡೋ ಸಮಿತಿ) ನಂಬರ್ ಇರುತ್ತದೆ, ಮೊಬೈಲಿಗೆ ಹಾಕಿಕೊಳ್ಳಿ. ಡಾಕ್ಟರ ಮೇಲೇ ದೂರು ಇದ್ದರೆ ಅಲ್ಲಿಗೆ ಫೋನ್ ಮಾಡಬಹುದು. ಆ ಕಮಿಟಿಯಲ್ಲಿ ಡಾಕ್ಟರುಗಳಷ್ಟೇ ಅಲ್ಲ, ಕಾನೂನು ತಿಳಿದವರು, ನಮ್ಮಂಥ ಸಾಮಾನ್ಯರೂ ಇರಬೇಕು.

ನಿಜವಾದ ಟ್ರಯಲ್ಲೋ ಅಲ್ಲವೋ ಅನ್ನೋ ಅನುಮಾನ ಬಂದರೆ ಸಿಟಿಆರ್‌ಐ ನಂಬರ್ ಕೇಳಿ. ಇದು ದೇಶದ ಟ್ರಯಲ್‌ಗಳ ನೋಂದಣಿ, 2007ರಲ್ಲಿ ಶುರುವಾಗಿದ್ದು, ಯಾರು ಬೇಕಾದರೂ ವೆಬ್‌ಸೈಟಿನಲ್ಲಿ ನೋಡಬಹುದು. ಪಿಸಿಓಎಸ್, ಎಂಡೊಮೆಟ್ರಿಯೋಸಿಸ್, ಗರ್ಭಕೋಶದ ಗಡ್ಡೆ ಅಂತ ನಿಮ್ಮ ಕಾಯಿಲೆಯ ಹೆಸರು ಹಾಕಿಯೂ ಹುಡುಕಬಹುದು. ಇಂಗ್ಲಿಷಿನಲ್ಲಿ ಇದೆ, ಕಾಲೇಜಿಗೆ ಹೋಗೋ ತಂಗಿಯೋ ಮಗಳೋ ಇದ್ದರೆ ಕೂರಿಸಿಕೊಳ್ಳಿ.

ಸೇರಿದ ಮೇಲೆ ಏನನ್ನೂ ಮುಚ್ಚಿಡಬೇಡಿ. ಊರಿನ ಪಂಡಿತರ ಪುಡಿ, ಥೈರಾಯ್ಡ್ ಗುಳಿಗೆ, ಎಲ್ಲ ಹೇಳಿ. ಮುಟ್ಟಿನ ತಾರೀಕು, ದಿನಕ್ಕೆ ಎಷ್ಟು ಪ್ಯಾಡ್ ಅಂತ ಬರೆದಿಡಲು ಹೇಳಿದರೆ ಕ್ಯಾಲೆಂಡರ್ ಮೇಲೇ ಗುರುತು ಹಾಕಿ. ಎಷ್ಟೋ ಔಷಧದ ಟ್ರಯಲ್‌ಗಳಲ್ಲಿ ಬಸುರಿ ಆಗಬಾರದು ಅನ್ನೋ ಷರತ್ತು ಇರುತ್ತದೆ, ಮುಟ್ಟು ನಿಂತರೆ ಅದೇ ದಿನ ತಿಳಿಸಿ. ಫೋನ್ ಯಾವ ನಂಬರಿಗೆ, ಯಾವ ಹೊತ್ತಿಗೆ ಬರಬೇಕು ಅಂತ ನೀವೇ ಹೇಳಿ. ಬಿಳಿ ಸೆರಗಿನ ಮಾತು ಮಾವನ ಮೊಬೈಲಿಗೆ ಬಂದರೆ ಹೇಗಿರುತ್ತೆ, ಅಲ್ವಾ?

ಬಸ್ಸು ನಮಗೆ ಪುಕ್ಕಟೆ ಇದ್ದರೂ ಕಬ್ಬಿನ ಕಟಾವಿನ ದಿನಗಳಲ್ಲಿ ತಪಾಸಣೆಗೆ ಅಂತ ಒಂದು ದಿನ ಕೆಲಸ ತಪ್ಪಿಸಿದರೆ ಕೂಲಿ ಹೋಗುತ್ತದೆ. ಆ ರೊಕ್ಕ ಕೊಡ್ತಾರಾ ಅಂತ ಮೊದಲೇ ಕೇಳಿ, ಸಂಕೋಚ ಬೇಡ. ಸಾಕಾಯ್ತು ಅನ್ನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ಅದಕ್ಕಾಗಿ ದವಾಖಾನೆಯವರು ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಿಸೋ ಹಾಗಿಲ್ಲ. ಔಷಧ ಒಮ್ಮೆಲೇ ನಿಲ್ಲಿಸಬಹುದಾ ಅಂತ ಮಾತ್ರ ಕೇಳಿಕೊಂಡು ಬಿಡಿ.

ಇನ್ನೊಂದು, ಇದನ್ನ ಯಾವ ಕಾಗದವೂ ಕೇಳಲ್ಲ: ಹೆರಿಗೆಗೆ ನಾವು ತವರಿಗೆ ಹೋಗ್ತೀವಿ. ವೈನಿಯ ತವರು ವಿಜಯಪುರ ಜಿಲ್ಲೆಯ ಸಿಂದಗಿ ಹತ್ತಿರ. ಏಳನೇ ತಿಂಗಳಿಗೆ ಸೀಮಂತ ಮುಗಿಸಿ ಹೋದರು, ದವಾಖಾನೆಗೆ ಹೇಳಲು ಯಾರಿಗೂ ನೆನಪಾಗಲಿಲ್ಲ. ಅವರು ಹದಿನೈದು ದಿನ ನನ್ನ ಅಣ್ಣನಿಗೆ ಫೋನ್ ಮಾಡಿ ಮಾಡಿ, ಕೊನೆಗೆ ಆಶಾ ಅಕ್ಕನನ್ನ ಮನೆಗೇ ಕಳಿಸಿದರು. ಆಮೇಲೆ ರಕ್ತ ಪರೀಕ್ಷೆ ವಿಜಯಪುರದಲ್ಲೇ ಮಾಡಿಸೋ ವ್ಯವಸ್ಥೆ ಆಯ್ತು. ಮೊದಲ ದಿನವೇ ತವರಿನ ಊರು, ಅವ್ವನ ನಂಬರ್ ಬರೆಸಿಬಿಡಿ. ಟ್ರಯಲ್‌ನ ಫೋನ್ ನಂಬರನ್ನ ತಾಯಿ ಕಾರ್ಡಿನ ಒಳಗೆ ಅಂಟಿಸಿಡಿ, ನಡುರಾತ್ರಿ ಬೇನೆ ಬಂದು ಬೇರೆ ದವಾಖಾನೆಗೆ ಓಡಿದರೂ ಅಲ್ಲಿಯ ಡಾಕ್ಟರಿಗೆ ನೀವು ಏನು ತಗೋತಿದ್ದಿರಿ ಅಂತ ಗೊತ್ತಾಗಬೇಕು.